ಬೆಳಕು ನಂದಿದ್ದು ನಿಜ, ನಂದಿಸಿದ್ದು ಯಾರು?

ಪ್ರಶ್ನೆ: ನಾನು ಎಂ.ಎಸ್ಸಿ. ರಸಾಯನಶಾಸ್ತ್ರದ ಕೊನೆಯ ಸೆಮಿಸ್ಟರ್ ವಿದ್ಯಾರ್ಥಿನಿ. ಪ್ರಾಜೆಕ್ಟ್‌ಗಾಗಿ ಯುರೋಪಿಯಂ ಲೋಹಕ್ಕೆ ಟಿಟಿಎ ಮೂರು, ಫೆನಾಂತ್ರೋಲಿನ್ ಒಂದು, ಹೀಗೆ ಸಾವಯವ ಅಣುಗಳನ್ನು ಸೇರಿಸಿ ಸಂಕೀರ್ಣ ಮಾಡಿದ್ದೇನೆ. ಡಿಎಂಎಫ್ ಎಂಬ ದ್ರಾವಕದಲ್ಲಿ 10 ಮೈಕ್ರೋಮೋಲಾರ್ ದ್ರಾವಣ ಯುವಿ ದೀಪದ ಕೆಳಗೆ ಕೆಂಡದ ಹಾಗೆ ಹೊಳೆಯುತ್ತದೆ. ಫೆರಿಕ್ ಕ್ಲೋರೈಡ್ 100 ಮೈಕ್ರೋಮೋಲಾರ್ ಆಗುವಷ್ಟು ಹಾಕಿದರೆ ಮುಕ್ಕಾಲು ಪಾಲು ಬೆಳಕು ಹೋಗುತ್ತದೆ. ಸೋಡಿಯಂ, ಕ್ಯಾಲ್ಸಿಯಂ, ಸತುವಿಗೆ ಏನೂ ಆಗುವುದಿಲ್ಲ, ತಾಮ್ರಕ್ಕೆ ತುಸು ಮಂಕಾಗುತ್ತದೆ. ಮೊದಲ 40 ಮೈಕ್ರೋಮೋಲಾರ್‌ವರೆಗಿನ ಬಿಂದುಗಳಿಂದ ಸ್ಟರ್ನ್–ವೋಲ್ಮರ್ ಸ್ಥಿರಾಂಕ (ಬೆಳಕು ಎಷ್ಟು ಪಟ್ಟು ಇಳಿಯಿತು ಎಂಬುದನ್ನು ಕಬ್ಬಿಣದ ಪ್ರಮಾಣದ ಎದುರು ಎಳೆದ ಗೆರೆಯ ಇಳಿಜಾರು) 1.8×10⁴ ಬಂತು, ಆಮೇಲೆ ಗೆರೆ ಮೇಲಕ್ಕೆ ಬಾಗುತ್ತದೆ. 'ಕಬ್ಬಿಣದ ಸೆನ್ಸರ್' ಎಂದು ಬರೆದೆ. ಎಕ್ಸ್‌ಟರ್ನಲ್ ಎಗ್ಸಾಮಿನರ್ "ಇದು ಬರೀ ಇನ್ನರ್ ಫಿಲ್ಟರ್ ಅಲ್ಲ ಅಂತ ಹೇಗೆ ಗೊತ್ತು? ಬೋರ್‌ವೆಲ್ ನೀರಲ್ಲಿ ತೋರಿಸಿ" ಎಂದರು. ಎಲ್ಲಿಂದ ಶುರು ಮಾಡಲಿ?

ಉತ್ತರ: ಎಗ್ಸಾಮಿನರ್ ಕೈಯಿಟ್ಟಿದ್ದು ಸರಿಯಾದ ಜಾಗಕ್ಕೇ. ನಿಮ್ಮ ಅಂಕಿಗಳು ತಪ್ಪೆಂದಲ್ಲ. ಬೆಳಕು ಕಡಿಮೆಯಾಯಿತು ಎಂಬುದರಿಂದ ಕಬ್ಬಿಣವನ್ನು ಅಣು ಗುರುತಿಸಿತು ಎಂಬಲ್ಲಿಗೆ ಹಾರಿದ್ದು ಅವಸರವಾಯಿತು, ಅಷ್ಟೆ. ಯುರೋಪಿಯಂ ಮೇಲೆ ಪ್ರಕಟವಾಗುವ 'ಫೆರಿಕ್ ಸೆನ್ಸರ್' ಬರಹಗಳಲ್ಲೂ ಈ ಅವಸರ ಸಾಕಷ್ಟಿದೆ, ಆದ್ದರಿಂದ ಸಂಕೋಚ ಬೇಡ.

ನಿಮ್ಮ ಕ್ಯುವೆಟ್‌ನಲ್ಲಿ (ದ್ರಾವಣ ಹಾಕಿ ಓದುವ ಪುಟ್ಟ ಪಾತ್ರೆ) ಬೆಳಕು ನಂದಿಸಬಲ್ಲವರು ನಾಲ್ವರಿದ್ದಾರೆ. ಒಂದು, ಹಳದಿ ಬಣ್ಣದ ಫೆರಿಕ್ ದ್ರಾವಣವೇ ಯುವಿಯನ್ನು ದಾರಿಯಲ್ಲಿ ನುಂಗಿಬಿಡುವುದು. ಎಗ್ಸಾಮಿನರ್ ಹೇಳಿದ ಇನ್ನರ್ ಫಿಲ್ಟರ್ ಇದೇ. ಎರಡು, ಫೆರಿಕ್ ಕ್ಲೋರೈಡ್ ಜೊತೆ ಬರುವ ಆಮ್ಲ ಟಿಟಿಎಯನ್ನು ಬಿಡಿಸಿ ಹಾಕುವುದು. ಮೂರು, ಕಬ್ಬಿಣವೇ ಯುರೋಪಿಯಂ ಕೈಯಿಂದ ಲಿಗ್ಯಾಂಡ್, ಅಂದರೆ ಲೋಹಕ್ಕೆ ಅಂಟಿದ ಟಿಟಿಎ, ಫೆನಾಂತ್ರೋಲಿನ್‌ಗಳನ್ನು, ಕಿತ್ತುಕೊಳ್ಳುವುದು. ನಾಲ್ಕು, ಬೆಳಕು ಹೀರಿ ಉದ್ದೀಪ್ತವಾದ ಸಂಕೀರ್ಣಕ್ಕೆ ಕಬ್ಬಿಣ ಡಿಕ್ಕಿಯಾಗಿ ಶಕ್ತಿ ಕಸಿಯುವುದು. ಯುವಿ ದೀಪದ ಕೆಳಗೆ ನಾಲ್ಕೂ ಒಂದೇ ಥರ ಕಾಣುತ್ತವೆ. ಬೇರೆ ಬೇರೆ ಉಪಕರಣದಲ್ಲಿ ಬೇರೆ ಬೇರೆ ಗುರುತು ಬಿಡುತ್ತವೆ.

ಮೊದಲನೆಯವನ ಮೇಲೆ ಅನುಮಾನ ಯಾಕೆ ಇಷ್ಟು ಗಟ್ಟಿ ಎನ್ನುವುದಕ್ಕೆ ಸಂಕೀರ್ಣ ಹೊಳೆಯುವ ಬಗೆಯನ್ನೇ ನೋಡಬೇಕು. ಯುರೋಪಿಯಂ ಅಯಾನು ಬೆಳಕು ಹೀರುವುದರಲ್ಲಿ ಬಲು ದುರ್ಬಲ. ಅದರ 4ಎಫ್ ಎಲೆಕ್ಟ್ರಾನುಗಳ ನೆಗೆತ ನಿಯಮದ ಪ್ರಕಾರ ನಿಷಿದ್ಧ, ಮೋಲಾರ್ ಹೀರಿಕೆ ಒಂದಂಕಿಯಲ್ಲೇ ಮುಗಿಯುತ್ತದೆ. ಬೆಳಕು ಹಿಡಿಯುವುದು ಟಿಟಿಎ. ಮೂರೂ ಸೇರಿ 340 ನ್ಯಾನೋಮೀಟರ್ ಆಸುಪಾಸಿನಲ್ಲಿ 40ರಿಂದ 60 ಸಾವಿರ. ಹಿಡಿದ ಶಕ್ತಿ ಟಿಟಿಎಯ ಟ್ರಿಪ್ಲೆಟ್ ಎಂಬ ಉದ್ದೀಪ್ತ ಮಟ್ಟಕ್ಕೆ, ಸುಮಾರು 20,400 ಸೆಂ.ಮೀ.⁻¹ಗೆ, ಇಳಿದು ಅಲ್ಲಿಂದ ಯುರೋಪಿಯಂನ 17,250ರ ಮಟ್ಟಕ್ಕೆ ದಾಟುತ್ತದೆ. ಲಿಗ್ಯಾಂಡ್ ಹಿಡಿದ ಬೆಳಕನ್ನು ಲೋಹ ಹೊಮ್ಮಿಸುವುದನ್ನು ವೈಸ್‌ಮನ್ 1942ರಲ್ಲೇ ತೋರಿಸಿದ್ದರು. ಇಂದು ಆಂಟೆನಾ ಪರಿಣಾಮ ಎನ್ನುತ್ತೇವೆ. (ಟರ್ಬಿಯಂನ ಮಟ್ಟ 20,500ರ ಹತ್ತಿರ. ಟಿಟಿಎಗೂ ಅದಕ್ಕೂ ಇಳಿಜಾರೇ ಇಲ್ಲದ್ದರಿಂದ ಶಕ್ತಿ ವಾಪಸು ಬರುತ್ತದೆ. ಗೆಳತಿ ಯಾರಾದರೂ ಟಿಟಿಎ ಜೊತೆ ಟರ್ಬಿಯಂ ಹಾಕಿ ಹಸಿರು ಬರಲಿಲ್ಲ ಎಂದು ಕೊರಗುತ್ತಿದ್ದರೆ ಕಾರಣ ಇದು.) ಅಂದಮೇಲೆ 340ರ ಬೆಳಕನ್ನು ಲಿಗ್ಯಾಂಡ್‌ಗಿಂತ ಮುಂಚೆ ಯಾರು ನುಂಗಿದರೂ ಯುರೋಪಿಯಂ ಮಂಕಾಗುತ್ತದೆ. ಫೆರಿಕ್ ಕ್ಲೋರೈಡ್ ಗಟ್ಟಿಯಾಗಿ ಹೀರುವುದು ಸರಿಯಾಗಿ 300–400ರ ನಡುವೆಯೇ. ಸೋಡಿಯಂ, ಕ್ಯಾಲ್ಸಿಯಂ, ಸತುವಿಗೆ ಅಲ್ಲಿ ಬಣ್ಣವಿಲ್ಲ. ನಿಮ್ಮ 'ಸೆಲೆಕ್ಟಿವಿಟಿ' ಬಾರ್ ಚಾರ್ಟ್‌ನಲ್ಲಿ ಯಾರು ಎದ್ದರು, ಯಾರು ಏಳಲಿಲ್ಲ ಎನ್ನುವುದಕ್ಕೆ ಇಷ್ಟೇ ವಿವರಣೆ ಸಾಕಾಗಬಹುದು.

ಮೊದಲ ಕೆಲಸ ಯುವಿ–ವಿಸಿಬಲ್ ಉಪಕರಣದಲ್ಲಿ. 2 ಮಿ.ಲೀ. ಸಂಕೀರ್ಣ ದ್ರಾವಣ ತೆಗೆದುಕೊಳ್ಳಿ. ಫೆರಿಕ್ ಕ್ಲೋರೈಡ್ ಹೆಕ್ಸಾಹೈಡ್ರೇಟ್ 27 ಮಿ.ಗ್ರಾಂ. ಅನ್ನು 10 ಮಿ.ಲೀ. ಡಿಎಂಎಫ್‌ನಲ್ಲಿ ಕರಗಿಸಿದರೆ 10 ಮಿಲಿಮೋಲಾರ್ ಸ್ಟಾಕ್ ಸಿಗುತ್ತದೆ. ಅಂದೇ ಮಾಡಿ ಅಂದೇ ಬಳಸಿ. ಸಲಕ್ಕೆ 2 ಮೈಕ್ರೋಲೀಟರ್ ಹಾಕಿದರೆ 10 ಮೈಕ್ರೋಮೋಲಾರ್ ಏರುತ್ತದೆ, ಹತ್ತು ಸಲ ಹಾಕಿದರೂ ದ್ರಾವಣ ತೆಳುವಾಗುವುದು ಶೇ. 1 ಮಾತ್ರ. ಪ್ರತಿ ಬಿಂದುವಿನಲ್ಲೂ, ಹೊಮ್ಮುವ ಬೆಳಕನ್ನು ಅಳೆಯುವ ಫ್ಲೋರಿಮೀಟರ್ ಓದುವ ಅದೇ ಕ್ಯುವೆಟ್ಟನ್ನು ಯುವಿಯಲ್ಲೂ ಓದಿ. ಕ್ಯುವೆಟ್ ಕ್ವಾರ್ಟ್ಜ್‌ದೇ ಇರಲಿ. ಬಳಸಿ ಬಿಸಾಡುವ ಪಾಲಿಸ್ಟೈರೀನ್ ಕ್ಯುವೆಟ್ ಡಿಎಂಎಫ್‌ನಲ್ಲಿ ಕರಗುತ್ತದೆ, ಆಮೇಲೆ ಕಾಣುವ ಮಬ್ಬಿಗೆ ಕಬ್ಬಿಣವನ್ನು ಬೈದು ಪ್ರಯೋಜನವಿಲ್ಲ.

ತಿದ್ದುಪಡಿಯ ಸೂತ್ರ ಸರಳ: ಕಂಡ ಬೆಳಕನ್ನು 10ರ ಘಾತದಿಂದ ಗುಣಿಸಬೇಕು, ಘಾತವೆಂದರೆ ಉದ್ದೀಪನ ತರಂಗಾಂತರದ ಅಬ್ಸಾರ್ಬೆನ್ಸ್ (ದ್ರಾವಣ ಬೆಳಕು ಹೀರುವ ಅಳತೆ) ಮತ್ತು ಹೊಮ್ಮುವ ತರಂಗಾಂತರದ ಅಬ್ಸಾರ್ಬೆನ್ಸ್ ಎರಡನ್ನೂ ಕೂಡಿ ಅರ್ಧ ಮಾಡಿದ್ದು. ಅರ್ಧ ಯಾಕೆಂದರೆ ಉಪಕರಣ ನೋಡುವುದು ಕ್ಯುವೆಟ್ಟಿನ ನಡುಭಾಗವನ್ನು, ಬೆಳಕು ಅಲ್ಲಿಗೆ ಅರ್ಧ ಸೆಂಟಿಮೀಟರ್ ಸಾಗಿರುತ್ತದೆ. ಕಬ್ಬಿಣದಿಂದ 345ರಲ್ಲಿ ಅಬ್ಸಾರ್ಬೆನ್ಸ್ 0.1 ಏರಿದರೇ ಶೇ. 12ರಷ್ಟು ತಪ್ಪು. 0.6 ಏರಿದ್ದರೆ 10ರ ಘಾತ 0.3, ಅಂದರೆ 2. ಏನೂ ನಂದದಿದ್ದರೂ ಬೆಳಕು ಅರ್ಧವಾಗುತ್ತದೆ. ಹಾಗಿದ್ದ ಪಕ್ಷದಲ್ಲಿ ನಿಮ್ಮ ನಾಲ್ಕು ಪಟ್ಟು ಇಳಿಕೆ ತಿದ್ದಿದ ಮೇಲೆ ಎರಡು ಪಟ್ಟಿಗೆ ಬರುತ್ತದೆ. ಮೋಲಾರ್ ಹೀರಿಕೆ 5,000 ಇರುವ ಯಾವುದೇ ಬಣ್ಣ, ಸಂಕೀರ್ಣವನ್ನು ಮುಟ್ಟದೆಯೇ, 5,800ರ ಹತ್ತಿರದ ನಕಲಿ ಸ್ಟರ್ನ್–ವೋಲ್ಮರ್ ಸ್ಥಿರಾಂಕ ಕೊಡಬಲ್ಲದು. ಗೆರೆ ಮೇಲಕ್ಕೆ ಬಾಗುವುದೂ ಇದರದೇ ಲಕ್ಷಣ, ಘಾತೀಯ ವಕ್ರರೇಖೆಯ ಮೊದಲ ತುಂಡು ಯಾವತ್ತೂ ನೇರವಾಗಿಯೇ ಕಾಣುತ್ತದೆ. ಆ ತುಂಡಿಗಷ್ಟೇ ಸ್ಕೇಲು ಇಟ್ಟು ಉಳಿದದ್ದನ್ನು ಬಿಡುವುದು ಅಭ್ಯಾಸವಾಗಿಬಿಟ್ಟಿದೆ.

ಇನ್ನೊಂದು ಎಡವಟ್ಟು ನಿಮ್ಮ ಮೂಲ ದ್ರಾವಣದಲ್ಲೇ ಇದೆ. 10 ಮೈಕ್ರೋಮೋಲಾರ್ ಸಂಕೀರ್ಣದ ಸ್ವಂತ ಅಬ್ಸಾರ್ಬೆನ್ಸ್ 340ರಲ್ಲಿ 0.5 ಆಸುಪಾಸು ಇರುತ್ತದೆ. ಸೂತ್ರ ನಂಬಿಕೆಗೆ ಅರ್ಹವಾಗಿರುವುದು ಒಟ್ಟು ಅಬ್ಸಾರ್ಬೆನ್ಸ್ ಸಣ್ಣದಿದ್ದಾಗ, 0.7 ದಾಟಿತೆಂದರೆ ಕೈಬಿಡಿ. ದ್ರಾವಣವನ್ನು 1 ಮೈಕ್ರೋಮೋಲಾರ್‌ಗೆ ತೆಳು ಮಾಡೋಣವೆಂದರೆ ಫೆನಾಂತ್ರೋಲಿನ್ ತಾನೇ ಕಳಚಿಕೊಳ್ಳುವ ಭಯ, ಡಿಎಂಎಫ್ ಕೂಡ ಲೋಹಕ್ಕೆ ಅಂಟುವ ದ್ರಾವಕವೇ. ಅದಕ್ಕಿಂತ ಉದ್ದೀಪನವನ್ನು ಹೀರಿಕೆಯ ಬಾಲಕ್ಕೆ, 380ರ ಕಡೆಗೆ, ಸಂಕೀರ್ಣದ ಅಬ್ಸಾರ್ಬೆನ್ಸ್ 0.1ಕ್ಕಿಂತ ಕಡಿಮೆ ಇರುವಲ್ಲಿಗೆ ಸರಿಸಿ ಸ್ಲಿಟ್ ಅಗಲ ಮಾಡುವುದು ಮೇಲು. ಯುರೋಪಿಯಂನ ಕೆಂಪು ಅಷ್ಟನ್ನು ತಡೆದುಕೊಳ್ಳುತ್ತದೆ.

ಸೂತ್ರ ಬೇಡ, ಕಣ್ಣಿಗೇ ಕಾಣಬೇಕು ಎಂದರೆ ಎರಡು ಕ್ಯುವೆಟ್ಟಿನ ಪರೀಕ್ಷೆ ಮಾಡಿ. ಒಂದರಲ್ಲಿ ಸಂಕೀರ್ಣ ಮಾತ್ರ, ಇನ್ನೊಂದರಲ್ಲಿ ಡಿಎಂಎಫ್‌ನಲ್ಲಿ ಫೆರಿಕ್ ಕ್ಲೋರೈಡ್ ಮಾತ್ರ. ಕಬ್ಬಿಣದ ಕ್ಯುವೆಟ್ಟನ್ನು ದೀಪಕ್ಕೂ ಸಂಕೀರ್ಣಕ್ಕೂ ನಡುವೆ ಹಿಡಿಯಿರಿ. ಎರಡೂ ಒಂದನ್ನೊಂದು ಮುಟ್ಟಿಲ್ಲ, ಆದರೂ ಮಂಕಾದರೆ ಅದು ಬರೀ ಫಿಲ್ಟರ್. ಇಲ್ಲಿ ಒಂದು ಲೆಕ್ಕ ಮರೆಯಬೇಡಿ: ನಡುವೆ ಹಿಡಿದ ಕ್ಯುವೆಟ್ಟನ್ನು ಬೆಳಕು ಪೂರ್ತಿ ಒಂದು ಸೆಂಟಿಮೀಟರ್ ದಾಟುತ್ತದೆ, ಬೆರೆಸಿದ ದ್ರಾವಣದಲ್ಲಿ ಸರಾಸರಿ ಅರ್ಧ. ಆದ್ದರಿಂದ 100 ಮೈಕ್ರೋಮೋಲಾರ್‌ಗೆ ಹೋಲಿಸಲು ನಡುವೆ ಹಿಡಿಯಬೇಕಾದದ್ದು 50. ಫ್ಲೋರಿಮೀಟರಿನೊಳಗೆ ಎರಡು ಕ್ಯುವೆಟ್ಟಿಗೆ ಜಾಗವಿಲ್ಲದಿದ್ದರೆ 365ರ ಯುವಿ ದೀಪದಲ್ಲೇ ಮಾಡಿ ಫೋಟೋ ತೆಗೆದು ಪ್ರಬಂಧಕ್ಕೆ ಹಾಕಿ. ಕನ್ನಡಕ ಮಾತ್ರ ಹಾಕಿಕೊಳ್ಳಿ.

ಎರಡನೆಯವನನ್ನು, ಆಮ್ಲವನ್ನು, ಹಿಡಿಯುವುದು ಇನ್ನೂ ಸುಲಭ. ನೀರು ಕಟ್ಟಿಕೊಂಡ ಫೆರಿಕ್ ಅಯಾನು ಒಂದೊಂದೂ ಹೆಚ್ಚೆಂದರೆ ಮೂರು ಪ್ರೋಟಾನ್ ಬಿಡಬಲ್ಲದು. ಟಿಟಿಎಯ ಪಿಕೆಎ, ಅಂದರೆ ಅದರ ಅರ್ಧದಷ್ಟು ಅಣುಗಳು ಪ್ರೋಟಾನ್ ಬಿಟ್ಟಿರುವ ಪಿಎಚ್, 6ಕ್ಕಿಂತ ತುಸು ಮೇಲೆ, ಅಂದರೆ ಸಾಧಾರಣ ಆಮ್ಲವೇ ಅದಕ್ಕೆ ಪ್ರೋಟಾನ್ ಅಂಟಿಸಿ ಲೋಹದಿಂದ ಬಿಡಿಸುತ್ತದೆ. ಕಬ್ಬಿಣವಿಲ್ಲದೆ, 30 ಮಿಲಿಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲವನ್ನು ಅದೇ 2 ಮೈಕ್ರೋಲೀಟರ್‌ನಂತೆ ಹತ್ತು ಸಲ ಹಾಕಿ ಓದಿ. ಈ ಗೆರೆ ಇಳಿದಷ್ಟೂ ನಿಮ್ಮ ಕಬ್ಬಿಣದ ಗೆರೆಯಿಂದ ಕಳೆಯಬೇಕಾದ ಪಾಲು. ಜೊತೆಗೆ ಏನೂ ಹಾಕದ ದ್ರಾವಣವನ್ನು ಹತ್ತು ನಿಮಿಷ ಯುವಿಯಲ್ಲಿ ಬಿಟ್ಟೂ ಓದಿ. ಟಿಟಿಎಯಂಥ ಬೀಟಾ-ಡೈಕೀಟೋನ್ ಸಂಕೀರ್ಣಗಳು ಬಿಸಿಲಿಗಿಟ್ಟ ಬಟ್ಟೆಯಂತೆ ಬಣ್ಣಗೆಡುತ್ತವೆ. ಓದುಗಳ ನಡುವೆ ಷಟರ್ ಮುಚ್ಚಿಡುವುದು ರೂಢಿಯಾಗಲಿ.

ಈಗ ಮುಖ್ಯ ಪ್ರಯೋಗ: ಲೈಫ್‌ಟೈಮ್, ಅಂದರೆ ಉದ್ದೀಪ್ತ ಅಣು ಸರಾಸರಿ ಎಷ್ಟು ಹೊತ್ತು ಉರಿಯುತ್ತದೆ ಎಂಬ ಅಳತೆ. ಬೆಳಕಿನ ಪ್ರಮಾಣ ಸುಳ್ಳು ಹೇಳಬಹುದು, ಬೆಳಕು ಆರುವ ವೇಗವನ್ನು ಫಿಲ್ಟರ್ ಬದಲಿಸಲಾರದು. ಕಡಿಮೆ ಯುವಿ ತಲುಪಿದರೆ ಕಡಿಮೆ ಅಣುಗಳು ಉದ್ದೀಪ್ತವಾಗುತ್ತವೆ, ಆದರೆ ಉದ್ದೀಪ್ತವಾದದ್ದು ತನ್ನ ಪಾಡಿಗೆ ಅಷ್ಟೇ ಹೊತ್ತು ಉರಿಯುತ್ತದೆ. ಯುರೋಪಿಯಂ ಬಳಸುವವರ ಅದೃಷ್ಟವೆಂದರೆ ಇದಕ್ಕೆ ನ್ಯಾನೋಸೆಕೆಂಡ್ ಲೇಸರ್ ಬೇಡ. ಲೈಫ್‌ಟೈಮ್ 0.1ರಿಂದ 1 ಮಿಲಿಸೆಕೆಂಡ್, ಫ್ಲ್ಯಾಶ್ ದೀಪವಿರುವ ಸಾಮಾನ್ಯ ಫ್ಲೋರಿಮೀಟರಿನ ಫಾಸ್ಫೊರೆಸೆನ್ಸ್ ಮೋಡ್ ಸಾಕು. 613ರ ಸುಮಾರಿನ ಕೆಂಪು ಶಿಖರದಲ್ಲಿ ನಿಲ್ಲಿಸಿ, ಫ್ಲ್ಯಾಶ್ ಆದ ಮೇಲೆ 0.05 ಮಿಲಿಸೆಕೆಂಡ್ ಬಿಟ್ಟು ಓದಲು ಶುರು ಮಾಡಿ, ಲೈಫ್‌ಟೈಮಿನ ಐದು ಪಟ್ಟು ಹೊತ್ತು ಹಿಂಬಾಲಿಸಿ. ಲಾಗ್ ಗೆರೆ ನೇರವಿದ್ದರೆ ಒಂದೇ ಜಾತಿಯ ಸಂಕೀರ್ಣ, ಬಾಗಿದ್ದರೆ ಎರಡು ಬೆರೆತಿವೆ.

ಓದುವ ಬಗೆ ಹೀಗೆ. ಕಬ್ಬಿಣ ಹೆಚ್ಚಿದಂತೆ ಬೆಳಕು ಮತ್ತು ಲೈಫ್‌ಟೈಮ್ ಎರಡೂ ಒಂದೇ ಅನುಪಾತದಲ್ಲಿ ಇಳಿದರೆ ಡಿಕ್ಕಿಯ ಕ್ವೆಂಚಿಂಗ್ (ನಂದಿಸುವಿಕೆ). ಬೆಳಕು ನಾಲ್ಕು ಪಟ್ಟು ಇಳಿದು ಲೈಫ್‌ಟೈಮ್ ಕದಲದಿದ್ದರೆ ಫಿಲ್ಟರ್, ಇಲ್ಲವೇ ಲಿಗ್ಯಾಂಡ್ ಕಳವು. ಎರಡೂ ಇಳಿದು ಲೈಫ್‌ಟೈಮ್ ಮಾತ್ರ ಹಿಂದೆ ಬಿದ್ದರೆ ಬೆರಕೆ ಪ್ರಕರಣ, ಅದೇ ಹೆಚ್ಚು ಸಾಮಾನ್ಯ.

ಇಲ್ಲೊಂದು ಲೆಕ್ಕದ ಹಳ್ಳವಿದೆ. ಸ್ಟರ್ನ್–ವೋಲ್ಮರ್ ಸ್ಥಿರಾಂಕವನ್ನು ಲೈಫ್‌ಟೈಮಿನಿಂದ ಭಾಗಿಸಿದರೆ ಡಿಕ್ಕಿಯ ವೇಗ ಸಿಗುತ್ತದೆ. ದ್ರಾವಣದಲ್ಲಿ ಅಣುಗಳು ಒಂದನ್ನೊಂದು ಮುಟ್ಟುವ ಗರಿಷ್ಠ ವೇಗ ಸುಮಾರು 10¹⁰, ಪ್ರತಿ ಮೋಲಾರ್‌ಗೆ, ಪ್ರತಿ ಸೆಕೆಂಡಿಗೆ. ಸಾವಯವ ಬಣ್ಣಗಳ ಬರಹಗಳಿಂದ 10 ನ್ಯಾನೋಸೆಕೆಂಡನ್ನು ಹಾಗೆಯೇ ಎತ್ತಿ ತಂದು ಭಾಗಿಸಿದರೆ ನಿಮಗೆ 1.8×10¹² ಬರುತ್ತದೆ, "ಮಿತಿ ದಾಟಿದೆ, ಆದ್ದರಿಂದ ಸ್ಟ್ಯಾಟಿಕ್" (ಡಿಕ್ಕಿಯಲ್ಲ, ಮೊದಲೇ ಅಂಟಿಕೊಂಡು ನಂದಿಸಿದ್ದು) ಎಂದು ಬರೆಯುತ್ತೀರಿ. ನಿಮ್ಮ ಲೈಫ್‌ಟೈಮ್ ಅರ್ಧ ಮಿಲಿಸೆಕೆಂಡ್ ಎಂದುಕೊಂಡರೆ ಬರುವುದು 3.6×10⁷, ಮಿತಿಗಿಂತ ಎಷ್ಟೋ ಕೆಳಗೆ. ಅಳೆದ ಲೈಫ್‌ಟೈಮ್ ಹಾಕದೆ ಈ ಭಾಗಾಕಾರಕ್ಕೆ ಅರ್ಥವಿಲ್ಲ.

ನಿಜವಾದ ಡಿಕ್ಕಿ ಹೇಗಿರುತ್ತದೆ ಎಂಬುದಕ್ಕೆ ಅಳತೆಗೋಲು ಬೇಕಿದ್ದರೆ ರುಥೇನಿಯಂ ಟ್ರಿಸ್-ಬೈಪಿರಿಡೀನ್ ಎಂಬ ಸಂಕೀರ್ಣವಿದೆ. 452ರಲ್ಲಿ ಉದ್ದೀಪಿಸಿದರೆ ಕಿತ್ತಳೆ-ಕೆಂಪು. ನೈಟ್ರೋಜನ್ ಹಾಯಿಸಿದ ನೀರಿನಲ್ಲಿ ಲೈಫ್‌ಟೈಮ್ ಸುಮಾರು 600 ನ್ಯಾನೋಸೆಕೆಂಡ್, ಗಾಳಿ ಕರಗಿದ ನೀರಿನಲ್ಲಿ 400ರ ಹತ್ತಿರ. 25 ಡಿಗ್ರಿಯಲ್ಲಿ ಕರಗಿದ ಆಮ್ಲಜನಕ 0.26 ಮಿಲಿಮೋಲಾರ್, ಡಿಕ್ಕಿಯ ವೇಗ 3.3×10⁹, ಲೆಕ್ಕ ಹಾಕಿ, ಸರಿಯಾಗಿ ಕೂಡುತ್ತದೆ. ಲೈಫ್‌ಟೈಮ್ ಅಳೆಯುವ ವ್ಯವಸ್ಥೆ ಇಲ್ಲದಿದ್ದರೂ 15–20 ನಿಮಿಷ ನೈಟ್ರೋಜನ್ ಹಾಯಿಸಿದರೆ ಬೆಳಕು ಒಂದೂವರೆ ಪಟ್ಟಾಗುವುದನ್ನು, ಮತ್ತೆ ಗಾಳಿ ಬಿಟ್ಟರೆ ಮೊದಲಿನಷ್ಟಕ್ಕೇ ಇಳಿಯುವುದನ್ನು ನೋಡಬಹುದು. ಆಮ್ಲಜನಕಕ್ಕೆ ಬಣ್ಣವಿಲ್ಲ, ಆಮ್ಲವಿಲ್ಲ, ಲಿಗ್ಯಾಂಡ್ ಕದಿಯುವ ಬುದ್ಧಿಯೂ ಇಲ್ಲ. ಮೀನುಕೊಳದಲ್ಲಿ, ಕೊಳಚೆ ನೀರಿನ ಘಟಕದಲ್ಲಿ ಇಳಿಬಿಡುವ ಆಪ್ಟಿಕಲ್ ಆಮ್ಲಜನಕ ಮೀಟರುಗಳು ಇದೇ ತತ್ತ್ವದ ಮೇಲೆ ನಡೆಯುತ್ತವೆ.

ಮೂರನೆಯವನು ಉಳಿದ. ಕಳವಾಗಿದ್ದರೆ ಕದ್ದ ಮಾಲು ಬಣ್ಣದಲ್ಲೇ ಕಾಣಿಸುತ್ತದೆ. ಕಬ್ಬಿಣ ಮತ್ತು ಟಿಟಿಎ ಸೇರಿದರೆ ಕೆಂಪು ಸಂಕೀರ್ಣ, 450–520ರ ನಡುವೆ ಹೊಸ ಹೀರಿಕೆ ಏಳುತ್ತದೆ. ತಾಮ್ರಕ್ಕೂ ಟಿಟಿಎ, ಫೆನಾಂತ್ರೋಲಿನ್ ಎರಡೂ ಇಷ್ಟವೇ. ಲೋಹಗಳು ಲಿಗ್ಯಾಂಡನ್ನು ಹಿಡಿಯುವ ಬಲದ ಇರ್ವಿಂಗ್–ವಿಲಿಯಮ್ಸ್ ಸರಣಿಯ ತುದಿಯಲ್ಲಿ ಕೂತ ಲೋಹ ಅದು, ಸ್ವಲ್ಪ ಮಂಕಾದದ್ದು ಆಶ್ಚರ್ಯವಲ್ಲ. 592ರ ಸಣ್ಣ ಶಿಖರಕ್ಕೂ 613ರ ದೊಡ್ಡದಕ್ಕೂ ಇರುವ ಅನುಪಾತವನ್ನೂ ನೋಡಿ. 592ರದ್ದು ಸುತ್ತಲಿನ ಪರಿಸರಕ್ಕೆ ಜಗ್ಗದು, 613ರದ್ದು ತೀರಾ ಸೂಕ್ಷ್ಮ. ಒಂದು ಲಿಗ್ಯಾಂಡ್ ಹೋಗಿ ಆ ಜಾಗಕ್ಕೆ ನೀರೋ ಡಿಎಂಎಫೋ ಬಂದು ಕೂತರೆ ಅನುಪಾತ ಬದಲಾಗುತ್ತದೆ. ಆದರೆ ಅನುಪಾತ ಹಾಗೇ ಉಳಿದರೆ ಕಳವಾಗಿಲ್ಲವೆಂದು ತೀರ್ಮಾನಿಸಬೇಡಿ. ಎಲ್ಲ ಲಿಗ್ಯಾಂಡೂ ಕಳೆದುಕೊಂಡ ಯುರೋಪಿಯಂಗೆ ಆಂಟೆನಾ ಇರುವುದಿಲ್ಲ, ಅದು ಕತ್ತಲಲ್ಲಿ ಸುಮ್ಮನಿರುತ್ತದೆ. ನಿಮಗೆ ಕಾಣುವುದು ಉಳಿದುಕೊಂಡವು ಮಾತ್ರ.

ಬೆಳಕಿನ ಹಿಮ್ಮರಳಿಕೆ ನೋಡಲು ಎಲ್ಲರೂ, ಲೋಹವನ್ನು ಬಿಗಿಯಾಗಿ ಹಿಡಿಯುವ ಇಡಿಟಿಎ ಸುರಿಯುತ್ತಾರೆ. ಅಳತೆ ಇಲ್ಲದೆ ಸುರಿದರೆ ಅದು ಯುರೋಪಿಯಂನನ್ನೂ ಹೊತ್ತೊಯ್ಯುತ್ತದೆ. ನೀರಿನಲ್ಲಿ ಈ ಹಿಡಿತದ ಸ್ಥಿರಾಂಕದ ಲಾಗ್ ಫೆರಿಕ್‌ಗೆ 25.1, ಯುರೋಪಿಯಂಗೆ 17.3. ಅಂತರ ದೊಡ್ಡದು, ಆದ್ದರಿಂದ ಕಬ್ಬಿಣದಷ್ಟೇ ಹಾಕಿದರೆ ಅದು ಕಬ್ಬಿಣಕ್ಕೇ ಹೋಗುತ್ತದೆ: ನಿಮ್ಮ 2 ಮಿ.ಲೀ.ಗೆ, ಪಿಎಚ್ 7ಕ್ಕೆ ತಂದ 10 ಮಿಲಿಮೋಲಾರ್ ಇಡಿಟಿಎ 20 ಮೈಕ್ರೋಲೀಟರ್, ಅದಕ್ಕಿಂತ ಒಂದು ಹನಿ ಹೆಚ್ಚಲ್ಲ. ಕಬ್ಬಿಣ-ಇಡಿಟಿಎ ಕೂಡ ಯುವಿ ಹೀರುತ್ತದೆ, ಹಾಗಾಗಿ ಮತ್ತೆ ಅಬ್ಸಾರ್ಬೆನ್ಸ್ ಓದಿ ಮತ್ತೆ ತಿದ್ದಬೇಕು. ತಿದ್ದಿದ ಬೆಳಕು ನಿಮಿಷಗಳ ಮೇಲೆ ನಿಧಾನವಾಗಿ ಮರಳಿದರೆ ಕಿತ್ತುಹೋದ ಲಿಗ್ಯಾಂಡ್ ವಾಪಸಾಗುತ್ತಿದೆ ಎಂದು ತಿಳಿಯಿರಿ.

ಉಪಕರಣದ ಕಡೆ ಎರಡೇ ಮಾತು. 340ರಲ್ಲಿ ಉದ್ದೀಪಿಸಿದರೆ ಬಣ್ಣ ಬೇರ್ಪಡಿಸುವ ಗ್ರೇಟಿಂಗಿನ ಎರಡನೇ ಕ್ರಮಾಂಕದ ನೆರಳು, ಅಂದರೆ ಇಮ್ಮಡಿ ತರಂಗಾಂತರದಲ್ಲಿ ಕಾಣುವ ಸುಳ್ಳು ಶಿಖರ, 680ರಲ್ಲಿ ಬೀಳುತ್ತದೆ, ಯುರೋಪಿಯಂನ 700ರ ಪಕ್ಕದ ಶಿಖರಕ್ಕೆ ಒರಗಿಕೊಂಡಂತೆ. 306ರ ಆಸುಪಾಸಿನಲ್ಲಿ ಉದ್ದೀಪಿಸಿದರಂತೂ ನೆರಳು ಸೀದಾ ನಿಮ್ಮ ಕೆಂಪಿನ ಮೇಲೆಯೇ. ಹೊಮ್ಮುವ ಬದಿಗೆ 420ರ ಲಾಂಗ್-ಪಾಸ್ ಫಿಲ್ಟರ್ ಇಡಿ. ಇನ್ನು, ಟೈಮ್-ಗೇಟಿಂಗ್ (ಫ್ಲ್ಯಾಶ್ ಆದ ಮೇಲೆ ತುಸು ತಡೆದು ಓದುವುದು) ಮಾಡಿದರೆ ಇನ್ನರ್ ಫಿಲ್ಟರ್ ಕಾಟ ತಪ್ಪುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದು ತಪ್ಪಿಸುವುದು ನ್ಯಾನೋಸೆಕೆಂಡಿನಲ್ಲಿ ಆರುವ ಹಿನ್ನೆಲೆ ಹೊಳಪನ್ನು. ಒಳಬರುವ ಯುವಿಯನ್ನು ಕಬ್ಬಿಣ ನುಂಗಿದ ಮೇಲೆ ಗೇಟ್ ತೆರೆದರೇನು, ಮುಚ್ಚಿದರೇನು.

ಬೋರ್‌ವೆಲ್ ನೀರಿನ ವಿಷಯಕ್ಕೆ ಬಂದರೆ, ನಿಮ್ಮ ಎಗ್ಸಾಮಿನರ್ ಕೇಳಿದ್ದು ಸೇಡಿಗಲ್ಲ. ಪಿಎಚ್ 7ರ ನೀರಿನಲ್ಲಿ ಕರಗಿದ ಫೆರಿಕ್ ಅಯಾನು ಎಂಬುದು ಇಲ್ಲವೆಂದೇ ಹೇಳಬೇಕು. ಅದು ಕಂದು ಹೈಡ್ರಾಕ್ಸೈಡ್ ಆಗಿ ಬಕೆಟ್ಟಿನ ತಳಕ್ಕೆ ಕೂರುತ್ತದೆ. ನೆಲದಾಳದಿಂದ ಕರಗಿ ಬರುವುದು ಫೆರಸ್, ಗಾಳಿ ತಾಗಿದ ಮೇಲೆ ಕಂದಾಗುತ್ತದೆ. ನಿಮ್ಮ ಸಂಕೀರ್ಣ ಡಿಎಂಎಫ್‌ನಲ್ಲಿ ನೋಡಿದ ಅಯಾನು ಆ ನೀರಿನಲ್ಲಿ ಇಲ್ಲವೇ ಇಲ್ಲ. ಮೇಲಾಗಿ ಸಂಕೀರ್ಣ ನೀರಿನಲ್ಲಿ ಕರಗದು, ಡಿಎಂಎಫ್‌ಗೆ ನೀರು ಹೆಚ್ಚಿಸಿದಂತೆ ಸಣ್ಣ ಕಣಗಳಾಗಿ ಮಬ್ಬು ಕಟ್ಟುತ್ತದೆ. ಕರಗಿ ಉಳಿದದ್ದರೊಳಗೆ ನೀರಿನ ಓ–ಎಚ್ ಕಂಪನ ಶಕ್ತಿ ಸೋರಿಸುತ್ತದೆ. ನೀರಿನಲ್ಲಿ ಬರೀ ಯುರೋಪಿಯಂ ಅಯಾನಿನ ಲೈಫ್‌ಟೈಮ್ 0.11 ಮಿಲಿಸೆಕೆಂಡ್, ಭಾರಜಲದಲ್ಲಿ 4ರ ಹತ್ತಿರ. ಈ ಅಂತರದಿಂದಲೇ ಹೊರಾಕ್ಸ್ ಮತ್ತು ಸಡ್ನಿಕ್ 1979ರಲ್ಲಿ ಲೋಹಕ್ಕೆ ಅಂಟಿದ ನೀರಿನ ಅಣುಗಳನ್ನು ಎಣಿಸುವ ಸೂತ್ರ ಕಟ್ಟಿದರು: ಎರಡೂ ಲೈಫ್‌ಟೈಮ್‌ಗಳ ವಿಲೋಮಗಳ ವ್ಯತ್ಯಾಸಕ್ಕೆ 1.05ರ ಗುಣಾಕಾರ, ಕಾಲ ಮಿಲಿಸೆಕೆಂಡಿನಲ್ಲಿ. ಮೇಲಿನ ಅಂಕಿ ಹಾಕಿದರೆ 9 ಚಿಲ್ಲರೆ ಬರುತ್ತದೆ, ನೀರಿನಲ್ಲಿ ಯುರೋಪಿಯಂ ಸುತ್ತ ಇರುವುದು ಒಂಬತ್ತು ಅಣುಗಳೇ.

ಇಷ್ಟರ ಮೇಲೆ ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ ಕಡೆಯ ಕೊಳವೆಬಾವಿಗಳ ಫ್ಲೋರೈಡ್ ಇದೆ. ಭಾರತೀಯ ಮಾನಕದ ಗರಿಷ್ಠ ಮಿತಿ ಲೀಟರಿಗೆ 1.5 ಮಿ.ಗ್ರಾಂ. ಅಂದರೂ ಅದು 79 ಮೈಕ್ರೋಮೋಲಾರ್, ನಿಮ್ಮ ಸಂಕೀರ್ಣದ ಎಂಟು ಪಟ್ಟು. ಯುರೋಪಿಯಂಗೆ ಫ್ಲೋರೈಡ್, ಕಾರ್ಬೊನೇಟ್, ಫಾಸ್ಫೇಟ್ ಅಂದರೆ ಪ್ರಾಣ. ಬಫರ್ ಬೇಕಾದರೆ ಫಾಸ್ಫೇಟ್ ಮುಟ್ಟಬೇಡಿ, ಹೆಪಿಸ್ 10–50 ಮಿಲಿಮೋಲಾರ್ ಸಾಕು. ಬೋರ್‌ವೆಲ್ ನೀರಿನಲ್ಲಿ ಬೆಳಕು ಇಳಿದರೆ ಕಾರಣ ಕಬ್ಬಿಣವೆಂದು ಹೇಳಲು ಯಾವ ದಾರಿಯೂ ಉಳಿಯುವುದಿಲ್ಲ. ನೀರಿಗೆ ಇಳಿಯಲೇಬೇಕಾದ ಸಂಕೀರ್ಣಗಳಲ್ಲಿ ಲೋಹವನ್ನು ಸೈಕ್ಲೆನ್ ಎಂಬ ಸಾವಯವ ಉಂಗುರದೊಳಗೆ ಕೂರಿಸಿ ಆಂಟೆನಾವನ್ನು ಆ ಉಂಗುರಕ್ಕೇ ಹೊಲಿದಿರುತ್ತಾರೆ, ಯಾರೂ ಕಿತ್ತುಕೊಳ್ಳದಂತೆ. ಇಂಗ್ಲೆಂಡಿನ ಡರ್ಹಮ್‌ನಲ್ಲಿದ್ದಾಗ ಡೇವಿಡ್ ಪಾರ್ಕರ್ ಬೈಕಾರ್ಬೊನೇಟ್, ಸಿಟ್ರೇಟ್‌ಗಳಿಗೆ ಮಾಡಿದ್ದು ಆ ಬಗೆಯವು. ಬೆಲ್‌ಫಾಸ್ಟ್‌ನಲ್ಲಿ ಕೆಲಸ ಮಾಡಿದ ಶ್ರೀಲಂಕಾ ಮೂಲದ ಎ. ಪಿ. ಡಿ ಸಿಲ್ವ ಅವರ ವಿನ್ಯಾಸ ಇನ್ನೊಂದು ದಾರಿ: ಹೊಳೆಯುವ ಭಾಗ, ನಡುವೆ ತುಂಡು ಸರಪಣಿ, ತುದಿಯಲ್ಲಿ ಅಯಾನು ಹಿಡಿಯುವ ಕೈ. ಅಯಾನು ಸಿಕ್ಕಾಗ ಬೆಳಕು ಆರುವ ಬದಲು ಹೊತ್ತಿಕೊಳ್ಳುತ್ತದೆ. ಹೊತ್ತಿಕೊಳ್ಳುವ ಬೆಳಕನ್ನು ಯಾವ ಫಿಲ್ಟರೂ ನಕಲು ಮಾಡಲಾರದು.

ಇನ್ನೊಂದು ಮಾತು, ತಮಾಷೆಗೆ ಎಂದುಕೊಳ್ಳಿ. ಕಬ್ಬಿಣವೇ ಗುರಿಯಾಗಿದ್ದರೆ ನಿಮ್ಮ ಕಪಾಟಿನ ಫೆನಾಂತ್ರೋಲಿನ್ ಒಂಟಿಯಾಗಿಯೇ ಆ ಕೆಲಸ ಮಾಡುತ್ತದೆ. ಹೈಡ್ರಾಕ್ಸಿಲಮೀನ್‌ನಿಂದ ಫೆರಿಕ್ಕನ್ನು ಫೆರಸ್ ಮಾಡಿ, ಅಸಿಟೇಟ್ ಬಫರ್‌ನಲ್ಲಿ ಪಿಎಚ್ 4ರ ಹತ್ತಿರ ಫೆನಾಂತ್ರೋಲಿನ್ ಸೇರಿಸಿದರೆ ಕಿತ್ತಳೆ-ಕೆಂಪು. 510ರಲ್ಲಿ ಮೋಲಾರ್ ಹೀರಿಕೆ 11,100. ಲೀಟರಿಗೆ 0.3 ಮಿ.ಗ್ರಾಂ. ಕಬ್ಬಿಣ, ಅಂದರೆ 5.4 ಮೈಕ್ರೋಮೋಲಾರ್, ಒಂದು ಸೆಂಟಿಮೀಟರ್ ಕ್ಯುವೆಟ್ಟಿನಲ್ಲಿ 0.06 ತೋರಿಸುತ್ತದೆ. ಡಿಗ್ರಿ ಕಾಲೇಜಿನ ಪ್ರಯೋಗ ಅದು. ನಿಮ್ಮ ಸಂಕೀರ್ಣದ ಅಂಕಿಗಳನ್ನು ಹೋಲಿಸಬೇಕಾದದ್ದು ಮೊದಲು ಇದಕ್ಕೆ, ಆಮೇಲೆ ಬೇರೆಯವರ ಸೆನ್ಸರ್ ಪಟ್ಟಿಗೆ.

ಸಮಯ ಕಡಿಮೆಯಿದ್ದರೆ ಈ ಕ್ರಮದಲ್ಲಿ ಹೋಗಿ: ಅಬ್ಸಾರ್ಬೆನ್ಸ್ ಮತ್ತು ತಿದ್ದುಪಡಿ ಒಂದು ದಿನ, ಆಮ್ಲ ಮತ್ತು ಎರಡು ಕ್ಯುವೆಟ್ಟಿನ ಪರೀಕ್ಷೆ ಒಂದು ದಿನ, ಲೈಫ್‌ಟೈಮ್ ಐದು ಬಿಂದುಗಳಿಗೆ ಎರಡು ದಿನ, ಕೊನೆಗೆ ಇಡಿಟಿಎ. ಪತ್ತೆಮಿತಿ ಬರೆಯುವುದಿದ್ದರೆ ಖಾಲಿ ದ್ರಾವಣವನ್ನು ಹತ್ತು ಸಲ ಪ್ರತ್ಯೇಕವಾಗಿ ಮಾಡಿ ಓದಿ, ಸ್ಟ್ಯಾಂಡರ್ಡ್ ಡೀವಿಯೇಷನ್ನಿನ ಮೂರು ಪಟ್ಟನ್ನು ತಿದ್ದಿದ ಗೆರೆಯ ಇಳಿಜಾರಿನಿಂದ ಭಾಗಿಸಿ. ಒಂದೇ ಕ್ಯುವೆಟ್ಟನ್ನು ಹತ್ತು ಸಲ ಓದಿದ್ದು ಲೆಕ್ಕಕ್ಕಿಲ್ಲ. ತಿದ್ದಿದ ಮೇಲೆ ಏನೂ ಉಳಿಯದಿದ್ದರೆ ಶೀರ್ಷಿಕೆಯಿಂದ 'ಸೆನ್ಸರ್' ತೆಗೆದು 'ಫೆರಿಕ್ ಅಯಾನಿನಿಂದ ಯುರೋಪಿಯಂ ದೀಪ್ತಿ ಇಳಿಯುವಲ್ಲಿ ಇನ್ನರ್ ಫಿಲ್ಟರಿನ ಪಾಲು' ಎಂದು ಹಾಕಿ. ಅಬ್ಸಾರ್ಬೆನ್ಸ್, ಬೆಳಕು, ಲೈಫ್‌ಟೈಮ್ ಮೂರರ ಗೆರೆಗಳನ್ನೂ ಒಂದೇ ಪುಟದಲ್ಲಿ ಇಟ್ಟರೆ ಎಗ್ಸಾಮಿನರ್ ಮೊದಲು ತಿರುಗಿಸುವ ಪುಟ ಅದೇ ಆಗಿರುತ್ತದೆ.